ವಸಂತದ ಮೊದಲ ಹೂವಿಗಾಗಿ ಏನು ನೆಡಬೇಕು: ಗೆಡ್ಡೆ, ಬಹುವಾರ್ಷಿಕ ಗಿಡ, ಪೊದೆ, ಸಿದ್ಧ ಕುಂಡಗಳ ಹೋಲಿಕೆ

ಚಳಿಗಾಲದ ಕೊನೆಯ ವಾರಗಳಲ್ಲಿ ಮನೆಯ ತೋಟದ ಮುಂದೆ ನಿಂತವರಿಗೆಲ್ಲ ಒಂದೇ ಹಂಬಲ. ಈ ಕಂದು ನೆಲದಲ್ಲಿ ಏನಾದರೊಂದು ಬೇಗ ತಲೆಯೆತ್ತಬೇಕು. ಹಂಬಲದ ಬೆನ್ನಿಗೇ ಗೊಂದಲವೂ ಬರುತ್ತದೆ. ಇರುವ ಜಾಗ ನಾಲ್ಕು ಹೆಜ್ಜೆ, ಖರ್ಚಿಗೂ ಮಿತಿಯಿದೆ. ಹೀಗಿರುವಾಗ ನೆಲದಲ್ಲಿ ಗೆಡ್ಡೆಗಳನ್ನು ಹೂಳಬೇಕೇ, ವರ್ಷವರ್ಷವೂ ಬುಡದಿಂದಲೇ ಚಿಗುರುವ ಹೆಲೆಬೋರ್‌ನಂಥ ಗಿಡಗಳನ್ನು ನೆಡಬೇಕೇ, ಎಲೆಗಿಂತ ಮೊದಲು ಹೂ ಬಿಡುವ ಒಂದು ಪೊದೆಗೆ ಜಾಗ ಕೊಡಬೇಕೇ, ಇಲ್ಲವೇ ಹೂಬಿಟ್ಟು ಸಿದ್ಧವಾಗಿರುವ ಕುಂಡಗಳನ್ನೇ ತಂದಿಡಬೇಕೇ ಎಂಬ ಪ್ರಶ್ನೆಯನ್ನು ಓದುಗರು ಮತ್ತೆ ಮತ್ತೆ ಕೇಳುತ್ತಾರೆ.

ಈ ನಾಲ್ಕನ್ನೂ ಹಲವು ವರ್ಷ ಬೆಳೆಸಿ ನೋಡಿದ ಮೇಲೆ ನನಗೆ ಮನದಟ್ಟಾದ ಸಂಗತಿಯೊಂದಿದೆ. ವಸಂತದ ಆರಂಭದಲ್ಲಿ ಅರಳುವ ಹೆಚ್ಚಿನ ಹೂವುಗಳು ಆ ವಸಂತದಲ್ಲಿ ಹುಟ್ಟಿದವುಗಳಲ್ಲ. ಟ್ಯುಲಿಪ್‌ನ ಹೂಮೊಗ್ಗು ಹಿಂದಿನ ಬೇಸಿಗೆಯಲ್ಲೇ ಗೆಡ್ಡೆಯೊಳಗೆ ರೂಪುಗೊಂಡಿರುತ್ತದೆ. ಫೋರ್ಸಿಥಿಯಾ ಎಂಬ ಪೊದೆಯ ಮೊಗ್ಗು ಹಿಂದಿನ ವರ್ಷ ಬೆಳೆದ ಕೊಂಬೆಯ ಮೇಲೆ ಚಳಿಗಾಲವಿಡೀ ಕಾದು ಕುಳಿತಿರುತ್ತದೆ. ಬಿಸಿಲು ಇನ್ನೂ ಎಳೆಯದಾಗಿರುವಾಗ, ಎಲೆಗಳೇ ಇಲ್ಲದಿರುವಾಗ ಗಿಡ ಹೂ ಬಿಡಲು ಸಾಧ್ಯವಾಗುವುದು ಈ ಹಳೆಯ ಉಳಿತಾಯದಿಂದ. ಆದ್ದರಿಂದ ಯಾವುದನ್ನು ಆರಿಸಬೇಕು ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು: ಆ ಉಳಿತಾಯವನ್ನು ಯಾರು ಮಾಡುತ್ತಾರೆ ಎಂಬುದನ್ನು ಮೊದಲು ನೋಡಿ. ಸಿದ್ಧ ಕುಂಡದಲ್ಲಿ ಪ್ರತಿ ವರ್ಷವೂ ನರ್ಸರಿಯವರು ಮಾಡಿರುತ್ತಾರೆ, ಅದಕ್ಕೆ ನೀವು ಪ್ರತಿ ವರ್ಷವೂ ಹಣ ಕೊಡುತ್ತೀರಿ. ಗೆಡ್ಡೆಯಲ್ಲಿ ಮೊದಲ ವರ್ಷದ್ದನ್ನು ಬೆಳೆಗಾರರು ಮಾಡಿಕೊಟ್ಟಿರುತ್ತಾರೆ, ಮುಂದಿನದು ನಿಮ್ಮ ಮಣ್ಣಿನ ಹೊಣೆ. ಬಹುವಾರ್ಷಿಕ ಗಿಡ ಮತ್ತು ಪೊದೆಗಳಲ್ಲಿ ನೆಟ್ಟ ದಿನದಿಂದಲೇ ಅದು ನಿಮ್ಮ ತೋಟದ ಕೆಲಸ.

ಇಲ್ಲಿ ಹೇಳುತ್ತಿರುವುದು ಚಳಿಗಾಲದಲ್ಲಿ ನೆಲ ನಿಜವಾಗಿ ತಣ್ಣಗಾಗುವ ಸೀಮೆಗಳ ತೋಟದ ಮಾತು. ಉತ್ತರಾರ್ಧಗೋಳದಲ್ಲಿ ಇದು ಫೆಬ್ರವರಿ ಮಾರ್ಚ್‌ಗಳ, ದಕ್ಷಿಣಾರ್ಧಗೋಳದಲ್ಲಿ ಆಗಸ್ಟ್ ಸೆಪ್ಟೆಂಬರ್‌ಗಳ ಸಂಗತಿ. ಎರಡಕ್ಕೂ ಹೊಂದುವಂತೆ ತಿಂಗಳುಗಳ ಬದಲು ಋತುಗಳ ಹೆಸರನ್ನೇ ಬಳಸಿದ್ದೇನೆ.

ಆರಿಸುವ ಮುನ್ನ ನೋಡಬೇಕಾದದ್ದು

ಎಲ್ಲಕ್ಕಿಂತ ಮೊದಲು ಚಳಿ. ಟ್ಯುಲಿಪ್, ಡ್ಯಾಫೋಡಿಲ್, ಹಯಸಿಂತ್ ಮೊದಲಾದವುಗಳ ಗೆಡ್ಡೆಗೆ ಸುಮಾರು 12ರಿಂದ 16 ವಾರಗಳ ಕಾಲ 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪು ಸಿಗದಿದ್ದರೆ ಹೂದಂಟು ನೆಟ್ಟಗೆ ಮೇಲೇಳುವುದಿಲ್ಲ, ಎಲೆಗಳ ನಡುವೆಯೇ ಮುದುಡಿದ ಮೊಗ್ಗು ಒಣಗಿಹೋಗುತ್ತದೆ. ಹೊರಗಿನಿಂದ ನೋಡಿದರೆ ಆ ವಾರಗಳಲ್ಲಿ ಏನೂ ನಡೆಯುತ್ತಿಲ್ಲವೆನಿಸುತ್ತದೆ. ಆದರೆ ನೆಲದೊಳಗೆ ಗೆಡ್ಡೆ ಬೇರು ಬಿಡುತ್ತಿರುತ್ತದೆ, ಕೂಡಿಟ್ಟ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತಿರುತ್ತದೆ, ಆ ಸಕ್ಕರೆಯು ಜೀವಕೋಶದೊಳಗಿನ ನೀರು ಬೇಗ ಹೆಪ್ಪುಗಟ್ಟದಂತೆಯೂ ಕಾಯುತ್ತದೆ. ಚಳಿ ಸಾಲದ ಊರಿನವರು ಗೆಡ್ಡೆಗಳನ್ನು ಫ್ರಿಜ್‌ನ ತರಕಾರಿಯ ಅರೆಯಲ್ಲಿ ಅಷ್ಟೇ ವಾರಗಳ ಕಾಲ ಇಟ್ಟು ನೆಡಬಹುದು. ಆದರೆ ಹಣ್ಣುಗಳ ಪಕ್ಕದಲ್ಲಿ ಮಾತ್ರ ಇಡಬಾರದು; ಮಾಗುವ ಹಣ್ಣಿನಿಂದ ಹೊಮ್ಮುವ ಎಥಿಲೀನ್ ಅನಿಲವು ಗೆಡ್ಡೆಯೊಳಗಿನ ಹೂಮೊಗ್ಗನ್ನು ಕೊಲ್ಲುತ್ತದೆ.

ಎರಡನೆಯದು ಬೆಳಕು ಮತ್ತು ಮಣ್ಣು. ಬೇಸಿಗೆಯಲ್ಲಿ ದಟ್ಟ ನೆರಳಿರುವ ಮರದಡಿಯ ಜಾಗವನ್ನು ನಿರುಪಯುಕ್ತವೆಂದು ಬಿಟ್ಟುಬಿಡುವವರು ಬಹಳ. ಆ ಮರ ಎಲೆ ಉದುರಿಸುವಂಥದ್ದಾಗಿದ್ದರೆ, ವಸಂತದ ಆರಂಭದಲ್ಲಿ ಅದರಡಿ ಧಾರಾಳ ಬಿಸಿಲು ಬೀಳುತ್ತದೆ, ಮರ ಚಿಗುರಿ ನೆರಳು ಕವಿಯುವಷ್ಟರಲ್ಲಿ ಸಣ್ಣ ಗೆಡ್ಡೆಗಳು ತಮ್ಮ ಹೂವಿನ ಕೆಲಸವನ್ನು ಮುಗಿಸಿ, ಎಲೆಯ ಕೆಲಸವನ್ನೂ ಬಹುಮಟ್ಟಿಗೆ ಪೂರೈಸಿರುತ್ತವೆ. ವರ್ಷವಿಡೀ ಹಸಿರಾಗಿರುವ ಮರದ ಅಡಿಗಾಗಲಿ, ಬಿಸಿಲೇ ತಾಗದ ಗೋಡೆಯ ಬುಡಕ್ಕಾಗಲಿ ಈ ಮಾತು ಸಲ್ಲದು. ಮಣ್ಣಿನ ವಿಷಯದಲ್ಲಿ ನೋಡಬೇಕಾದದ್ದು ಮುಖ್ಯವಾಗಿ ಒಂದೇ: ಚಳಿಗಾಲದ ಮಳೆಯ ಅಥವಾ ಕರಗಿದ ಹಿಮದ ನೀರು ನಿಲ್ಲುತ್ತದೆಯೇ, ಬಸಿದು ಹೋಗುತ್ತದೆಯೇ ಎಂಬುದು. ಗೆಡ್ಡೆಗಳನ್ನು ಚಳಿ ಕೊಲ್ಲುವುದಕ್ಕಿಂತ ನಿಂತ ನೀರು ಕೊಲ್ಲುವುದೇ ಹೆಚ್ಚು.

ಮೂರನೆಯದನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆ ಹೂವನ್ನು ನೀವು ಎಲ್ಲಿ ನಿಂತು ನೋಡುತ್ತೀರಿ? ಕೊರೆಯುವ ಚಳಿಯಲ್ಲಿ ತೋಟದ ತುದಿಯವರೆಗೆ ಯಾರೂ ಅಡ್ಡಾಡುವುದಿಲ್ಲ. ಹತ್ತು ಸೆಂಟಿಮೀಟರ್ ಎತ್ತರದ ಹೂವು ಬೇಲಿಯ ಬುಡದಲ್ಲಿ ಅರಳಿದರೆ ಅದು ಅರಳಿತೆಂಬುದೇ ನಿಮಗೆ ಗೊತ್ತಾಗುವುದಿಲ್ಲ. ಸಣ್ಣವು ಬಾಗಿಲ ಬಳಿ ಅಥವಾ ದಿನವೂ ನಡೆಯುವ ಹಾದಿಯ ಅಂಚಿನಲ್ಲಿರಬೇಕು, ದೂರದ ಮೂಲೆ ಪೊದೆಗೆ ಸಲ್ಲಬೇಕು.

ಉಳಿದಂತೆ, ಆ ಮನೆಯಲ್ಲಿ ಎಷ್ಟು ವರ್ಷ ಇರುತ್ತೀರಿ ಎಂಬುದನ್ನೂ, ಅಲ್ಲಿ ಇನ್ನು ಯಾರು ಇದ್ದಾರೆ ಎಂಬುದನ್ನೂ ಯೋಚಿಸಬೇಕು. ಕಂಡದ್ದನ್ನೆಲ್ಲ ಬಾಯಿಗೆ ಹಾಕುವ ಮಗು, ನೆಲ ಕೆದಕುವ ನಾಯಿ, ಗೆಡ್ಡೆ ಕದಿಯುವ ಅಳಿಲು, ಚಿಗುರು ಮೇಯುವ ಜಿಂಕೆ, ಚಳಿಗಾಲ ಕಳೆದು ಹಸಿದು ಹೊರಬರುವ ಜೇನುನೊಣ, ಇವರೆಲ್ಲರೂ ನಿಮ್ಮ ಆಯ್ಕೆಯನ್ನು ಬದಲಿಸುತ್ತಾರೆ.

ಗೆಡ್ಡೆಗಳು: ಕಡಿಮೆ ಹಣಕ್ಕೆ ಹೆಚ್ಚು ಹೂವು, ಆದರೆ ಎಲ್ಲವೂ ಒಂದೇ ಬಗೆಯವಲ್ಲ

ಒಂದು ಹೂವಿಗೆ ತಗಲುವ ಖರ್ಚನ್ನು ನೋಡಿದರೆ ಗೆಡ್ಡೆಗಳನ್ನು ಮೀರಿಸುವುದು ಕಷ್ಟ. ಶರತ್ಕಾಲದಲ್ಲಿ ಒಂದು ಮಧ್ಯಾಹ್ನ ಕುಳಿತು, ಗೆಡ್ಡೆಯ ಎತ್ತರದ ಎರಡು ಮೂರು ಪಟ್ಟು ಆಳಕ್ಕೆ ಹೂತರೆ ಆಯಿತು. ಆದರೆ ‘ಗೆಡ್ಡೆ’ ಎಂಬ ಒಂದೇ ಹೆಸರಿನಡಿ ಮಾರಾಟವಾಗುವ ಗಿಡಗಳ ಸ್ವಭಾವದಲ್ಲಿ ಬಹಳ ಅಂತರವಿದೆ. ಜನ ನಿರಾಶರಾಗುವುದು ಹೆಚ್ಚಾಗಿ ಇಲ್ಲಿಯೇ ಆದ್ದರಿಂದ ಈ ಭಾಗವನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಎಲ್ಲಕ್ಕಿಂತ ಮೊದಲು ಬರುವ ಹೂವು ಸ್ನೋಡ್ರಾಪ್. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನಿಯಸ್ ಇದಕ್ಕೆ ಕೊಟ್ಟ ಗ್ಯಾಲಾಂಥಸ್ ಎಂಬ ಹೆಸರಿಗೆ ಗ್ರೀಕಿನಲ್ಲಿ ಹಾಲುಹೂವು ಎಂದರ್ಥ. ಎಲೆಯ ತುದಿ ಗಟ್ಟಿಯಾಗಿರುವುದರಿಂದ ಹಿಮಗಟ್ಟಿದ ನೆಲವನ್ನೂ ಸೀಳಿಕೊಂಡು ಮೇಲೆ ಬರುತ್ತದೆ. ಎಲೆ ಉದುರಿಸುವ ಮರದಡಿಯ ತೇವವಾದ, ಎಲೆಗೊಬ್ಬರ ತುಂಬಿದ ಮಣ್ಣು ಇದಕ್ಕೆ ಪ್ರಿಯ. ಒಮ್ಮೆ ನೆಲೆಯೂರಿದರೆ ಯಾವ ಆರೈಕೆಯನ್ನೂ ಬಯಸದೆ ವರ್ಷದಿಂದ ವರ್ಷಕ್ಕೆ ಹರಡುತ್ತದೆ. ತೊಡಕು ಇರುವುದು ಆರಂಭದಲ್ಲಿ. ಇದರ ಗೆಡ್ಡೆ ಬಹು ಬೇಗ ಒಣಗಿಹೋಗುತ್ತದೆ. ಪೊಟ್ಟಣದಲ್ಲಿ ಒಣಗಿದ ಗೆಡ್ಡೆಗಳನ್ನು ಕೊಂಡು ನಾನು ಮೊದಲ ಸಲ ಐವತ್ತು ನೆಟ್ಟಾಗ ಮೇಲೆ ಬಂದವು ಏಳೆಂಟು ಮಾತ್ರ, ಆ ವಸಂತದಲ್ಲಿ ಖಾಲಿ ಪಾತಿಯನ್ನು ನೋಡಿ ಬಹಳ ನೊಂದುಕೊಂಡಿದ್ದೆ. ಹೂ ಮುಗಿದ ಮೇಲೆ, ಎಲೆ ಇನ್ನೂ ಹಸಿರಾಗಿರುವಾಗಲೇ ಕಿತ್ತ ಹಸಿ ಬುಡಗಳನ್ನು ತಂದು ತಕ್ಷಣ ನೆಡುವುದು ಇದಕ್ಕಿರುವ ಸರಿಯಾದ ದಾರಿ. ಬೆಲೆ ಹೆಚ್ಚು, ಆದರೆ ಹಾಳಾಗುವುದು ಕಡಿಮೆ. ಕಾಡಿನಿಂದ ಕಿತ್ತದ್ದನ್ನು ಕೊಳ್ಳಬೇಡಿ; ಸ್ನೋಡ್ರಾಪ್‌ನ ಎಲ್ಲ ಪ್ರಭೇದಗಳೂ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ, ನರ್ಸರಿಯಲ್ಲಿಯೇ ಬೆಳೆಸಿದವು ಎಂದು ಕೇಳಿ ತಿಳಿದುಕೊಳ್ಳುವುದು ಕೊಳ್ಳುವವರ ಕರ್ತವ್ಯ.

ಸ್ನೋಡ್ರಾಪ್‌ನ ಜೊತೆಗೇ ಅರಳುವ ವಿಂಟರ್ ಅಕೊನೈಟ್‌ನ ಹಳದಿ ಹೂವೂ ಇದೇ ಜಾಗಕ್ಕೆ ಹೊಂದುತ್ತದೆ. ಅದರ ಒಣಗಿದ ಗೆಡ್ಡೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ ನೆಡಬೇಕು.

ಕ್ರೋಕಸ್ ಅಗ್ಗವಾದದ್ದು, ಹುಲ್ಲುಹಾಸಿನ ನಡುವೆಯೂ ಬೆಳೆಯಬಲ್ಲದು, ಬಣ್ಣದಲ್ಲಿ ಶ್ರೀಮಂತ. ಆದರೆ ಅದು ಬಿಸಿಲಿನ ಹೂವು. ಬಿಸಿಲು ಬಿದ್ದು ಗಾಳಿ ತುಸು ಬೆಚ್ಚಗಾದಾಗ ತೆರೆದುಕೊಂಡು, ಮೋಡ ಕವಿದೊಡನೆ ಮುಚ್ಚಿಕೊಳ್ಳುತ್ತದೆ. ವಸಂತದ ಆರಂಭದಲ್ಲಿ ಮೋಡವೇ ಹೆಚ್ಚಿರುವ ಕಡೆ ಅರ್ಧ ದಿನಗಳೂ ಅದು ಅರಳಿ ಕಾಣುವುದಿಲ್ಲ. ಅಳಿಲು ಇಲಿಗಳಿಗೆ ಇದರ ಗೆಡ್ಡೆ ಅಚ್ಚುಮೆಚ್ಚು. ತೊಮಾಸಿನಿಯಾನಸ್ ಎಂಬ ತೆಳು ನೇರಳೆಯ ಪ್ರಭೇದವನ್ನು ಅವು ಅಷ್ಟಾಗಿ ಮುಟ್ಟುವುದಿಲ್ಲ, ಅದು ಬೀಜ ಬಿದ್ದು ತಾನಾಗಿ ಹರಡುತ್ತದೆ ಕೂಡ. ಹೊಸಬರಿಗೆ ನಾನು ಮೊದಲು ಹೇಳುವ ಹೆಸರು ಅದೇ. ಹುಲ್ಲಿನಲ್ಲಿ ನೆಟ್ಟವರು ಹೂ ಬಾಡಿದ ಮೇಲೂ ಸುಮಾರು ಆರು ವಾರ ಹುಲ್ಲನ್ನು ಕತ್ತರಿಸದೆ ಬಿಡಬೇಕು. ಹುಲ್ಲುಹಾಸು ಸದಾ ಒಪ್ಪವಾಗಿರಲೇಬೇಕು ಎನ್ನುವವರಿಗೆ ಅಲ್ಲಿ ಕ್ರೋಕಸ್ ಬೇಡ.

ಡ್ಯಾಫೋಡಿಲ್ ಮತ್ತು ಟ್ಯುಲಿಪ್‌ಗಳನ್ನು ಒಟ್ಟಿಗೇ ನೋಡುವುದು ಒಳ್ಳೆಯದು, ಏಕೆಂದರೆ ಹೆಚ್ಚಿನವರು ತೂಗಿ ನೋಡುವುದು ಇವೆರಡನ್ನೇ. ಚಿತ್ರದಲ್ಲಿ ಟ್ಯುಲಿಪ್ ಗೆಲ್ಲುತ್ತದೆ, ನೆಲದಲ್ಲಿ ಡ್ಯಾಫೋಡಿಲ್ ಗೆಲ್ಲುತ್ತದೆ. ಕಾರಣ ಗೆಡ್ಡೆಯ ರಚನೆಯಲ್ಲೇ ಇದೆ. ಡ್ಯಾಫೋಡಿಲ್‌ನ ಗೆಡ್ಡೆ ವರ್ಷದಿಂದ ವರ್ಷಕ್ಕೆ ಬದುಕಿ ಬೆಳೆಯುತ್ತದೆ, ಪಕ್ಕದಲ್ಲಿ ಮರಿಗಳನ್ನು ಹಾಕಿ ಗುಂಪಾಗುತ್ತದೆ. ಟ್ಯುಲಿಪ್‌ನ ತಾಯಿಗೆಡ್ಡೆ ಪ್ರತಿ ವರ್ಷವೂ ಹೂ ಬಿಟ್ಟು ಕರಗಿಹೋಗುತ್ತದೆ, ಅದರ ಜಾಗದಲ್ಲಿ ಮರಿಗೆಡ್ಡೆಗಳು ಉಳಿಯುತ್ತವೆ. ಮರಿಗಳು ಬಲಿಯಬೇಕಾದರೆ ಟ್ಯುಲಿಪ್‌ನ ಕಾಡು ಪೂರ್ವಜರು ಬೆಳೆದ ಮಧ್ಯ ಏಷ್ಯಾದ ತಿಯೆನ್‌ಶಾನ್, ಪಾಮಿರ್ ಪರ್ವತಗಳಲ್ಲಿರುವಂತೆ ಕಡು ಚಳಿಗಾಲವೂ ಒಣಗಿ ಬೆಚ್ಚಗಿರುವ ಬೇಸಿಗೆಯೂ ಬೇಕು. ಬೇಸಿಗೆಯಲ್ಲಿ ದಿನವೂ ನೀರುಣ್ಣುವ ಮನೆಯ ಪಾತಿಯಲ್ಲಿ ಅವು ಸಣ್ಣದಾಗಿಯೇ ಉಳಿದು, ಎರಡನೆಯ ಅಥವಾ ಮೂರನೆಯ ವರ್ಷ ಒಂದೊಂದು ಅಗಲ ಎಲೆಯನ್ನಷ್ಟೇ ತೋರಿಸುತ್ತವೆ. ಜೇಡಿಮಣ್ಣಿನ ಪಾತಿಯಲ್ಲಿ ನನ್ನ ಟ್ಯುಲಿಪ್‌ಗಳೂ ಹೀಗೆಯೇ ಮರೆಯಾದವು. ದೊಡ್ಡ ಹೂವಿನ ಮಿಶ್ರತಳಿಯ ಟ್ಯುಲಿಪ್ ಬೇಕೆನ್ನುವವರು ಅದನ್ನು ಪ್ರತಿ ಶರತ್ಕಾಲವೂ ಹೊಸದಾಗಿ ಕೊಳ್ಳುವ ಖರ್ಚೆಂದು ಮೊದಲೇ ಲೆಕ್ಕ ಹಾಕಿಕೊಂಡರೆ ನಿರಾಶೆಯಿಲ್ಲ. ಉಳಿಯುವ ಟ್ಯುಲಿಪ್ಪೇ ಬೇಕೆಂದರೆ ಕಾಫ್ಮಾನಿಯಾನಾ, ಟಾರ್ಡಾ ಮುಂತಾದ ಕಾಡು ಪ್ರಭೇದಗಳಿವೆ. ಇವು ಗಿಡ್ಡವಾಗಿದ್ದು, ನೀರು ಬಸಿದು ಹೋಗುವ ಬಿಸಿಲಿನ ಜಾಗದಲ್ಲಿ ವರ್ಷಗಟ್ಟಲೆ ನಿಲ್ಲುತ್ತವೆ. ಕಾಫ್ಮಾನಿಯಾನಾ ಟ್ಯುಲಿಪ್‌ಗಳಲ್ಲೇ ಬೇಗ ಅರಳುವವುಗಳ ಸಾಲಿಗೆ ಸೇರಿದ್ದು.

ಡ್ಯಾಫೋಡಿಲ್‌ಗೆ ಇನ್ನೊಂದು ಅನುಕೂಲವಿದೆ. ಅದರಲ್ಲಿರುವ ಲೈಕೊರಿನ್ ಎಂಬ ವಿಷದಿಂದಾಗಿ ಅಳಿಲು, ಇಲಿ, ಜಿಂಕೆಗಳು ಅದನ್ನು ಮುಟ್ಟುವುದಿಲ್ಲ. ಟ್ಯುಲಿಪ್ ಇವೆಲ್ಲಕ್ಕೂ ಮೃಷ್ಟಾನ್ನ. ಆದರೆ ಅದೇ ವಿಷ ಮಕ್ಕಳಿಗೂ ನಾಯಿ ಬೆಕ್ಕುಗಳಿಗೂ ವಿಷವೇ. ಡ್ಯಾಫೋಡಿಲ್‌ನ ಗೆಡ್ಡೆಯನ್ನು ಈರುಳ್ಳಿಯೆಂದು ತಪ್ಪಾಗಿ ತಿಳಿಯುವುದು ಸುಲಭ, ಆದ್ದರಿಂದ ನೆಡುವ ಮುಂಚೆ ಅಡುಗೆಮನೆಯ ಹತ್ತಿರವೂ ಇಡಬಾರದು. ಸಣ್ಣ ತೋಟಕ್ಕೆ ‘ಟೆಟ್ ಆ ಟೆಟ್’ ತಳಿ ಸೊಗಸಾಗಿ ಹೊಂದುತ್ತದೆ. ಎತ್ತರ 15ರಿಂದ 20 ಸೆಂಟಿಮೀಟರ್, ಬೇಗ ಅರಳುತ್ತದೆ, ಗಾಳಿಗೆ ಬಾಗಿ ಮುರಿಯುವುದಿಲ್ಲ, ಬಾಡಿದ ಎಲೆಗಳೂ ಸಣ್ಣವಾದ್ದರಿಂದ ಕಣ್ಣಿಗೆ ಅಡ್ಡಿಯಾಗುವುದಿಲ್ಲ.

ಈ ಬಾಡಿದ ಎಲೆಗಳ ವಿಷಯವನ್ನು ಒತ್ತಿ ಹೇಳಬೇಕು. ಹೂವು ಮುಗಿದ ಮೇಲೆ ಎಲೆಗಳನ್ನು ಕತ್ತರಿಸುವುದು, ಗಂಟು ಹಾಕುವುದು, ಜಡೆ ಹೆಣೆಯುವುದು ಹಲವರ ರೂಢಿ. ಆದರೆ ಮುಂದಿನ ವಸಂತದ ಹೂವಿಗೆ ಬೇಕಾದ ಆಹಾರವನ್ನು ಗೆಡ್ಡೆಗೆ ಇಳಿಸುವುದು ಆ ಎಲೆಗಳೇ. ಅವು ತಾವಾಗಿ ಹಳದಿಯಾಗುವವರೆಗೆ ಬಿಡಲು ನಿಮಗೆ ಮನಸ್ಸಿಲ್ಲವಾದರೆ ಗೆಡ್ಡೆಗಳು ನಿಮ್ಮ ಆಯ್ಕೆಯಾಗಬಾರದು, ಅಥವಾ ಅವುಗಳ ಮುಂದೆ ತಡವಾಗಿ ಚಿಗುರುವ ಬೇರೆ ಗಿಡಗಳಿರಬೇಕು.

ಬಹುವಾರ್ಷಿಕಗಳು: ನೆರಳಿನ ಮನೆಗೆ ಮೊದಲ ಆಯ್ಕೆ

ಬಿಸಿಲು ಕಡಿಮೆ ಬೀಳುವ ತೋಟವಿದ್ದವರು ಗೆಡ್ಡೆಗಳ ಚಿತ್ರ ನೋಡಿ ಕೊರಗುವ ಅಗತ್ಯವಿಲ್ಲ. ಹೆಲೆಬೋರ್ ಅರೆನೆರಳಿನಲ್ಲೇ ಸುಖವಾಗಿರುತ್ತದೆ. ಅದರ ಹೂವಿನಲ್ಲಿ ನಾವು ದಳಗಳೆಂದು ಭಾವಿಸುವ ಬಣ್ಣದ ಭಾಗಗಳು ವಾಸ್ತವವಾಗಿ ಪುಷ್ಪಪತ್ರಗಳು, ಅಂದರೆ ಮೊಗ್ಗನ್ನು ಹೊರಗಿನಿಂದ ಮುಚ್ಚಿರುವ ಎಲೆಯಂಥ ಭಾಗಗಳು. ನಿಜವಾದ ದಳಗಳು ಒಳಗೆ ಸಣ್ಣ ಮಕರಂದದ ಬಟ್ಟಲುಗಳಾಗಿ ಮಾರ್ಪಟ್ಟಿವೆ. ಪುಷ್ಪಪತ್ರಗಳು ದಳಗಳಂತೆ ಬೇಗ ಉದುರದ ಕಾರಣ ಒಂದೊಂದು ಗಿಡವೂ ಆರೆಂಟು ವಾರಗಳವರೆಗೆ ಹೂಬಿಟ್ಟಂತೆಯೇ ಕಾಣುತ್ತದೆ. ಸ್ನೋಡ್ರಾಪ್, ಕ್ರೋಕಸ್‌ಗಳು ಬಂದು ಹೋಗುವಷ್ಟು ಕಾಲವೂ ಹೆಲೆಬೋರ್ ನಿಂತಿರುತ್ತದೆ. ಮಕರಂದ ತೆರೆದೇ ಇರುವುದರಿಂದ ಬೇಗ ಎದ್ದ ಜೇನುನೊಣಗಳಿಗೂ ಉಪಕಾರ.

ಬೆಲೆ ಮಾತ್ರ ಹೆಚ್ಚು. ಒಂದು ಹೆಲೆಬೋರ್ ಗಿಡದ ಹಣಕ್ಕೆ ಚೀಲ ತುಂಬ ಕ್ರೋಕಸ್ ಬರುತ್ತದೆ. ಬೀಜದಿಂದ ಬೆಳೆಸಿದರೆ ಹೂವಿಗೆ ಸುಮಾರು ಮೂರು ವರ್ಷ ಕಾಯಬೇಕು, ಬೀಜಗಿಡದ ಬಣ್ಣ ತಾಯಿಯಂತೆಯೇ ಇರುತ್ತದೆಂಬ ಭರವಸೆಯೂ ಇಲ್ಲ. ಆದ್ದರಿಂದ ಕೊಳ್ಳುವವರು ಹೂ ಬಿಟ್ಟಿರುವಾಗಲೇ ನೋಡಿ ಕೊಳ್ಳುವುದು ಕ್ಷೇಮ. ನೆಟ್ಟ ಮೇಲೆ ಅದನ್ನು ಕದಲಿಸಬಾರದು, ಆಳಕ್ಕಿಳಿದ ಬೇರಿಗೆ ಅದು ಸಹ್ಯವಲ್ಲ. ಸರಿಯಾದ ಜಾಗ ಸಿಕ್ಕರೆ ಅದು ಇಪ್ಪತ್ತು ವರ್ಷ ಬಾಳಬಲ್ಲ ಗಿಡ. ಆ ಅವಧಿಗೆ ಹಂಚಿ ನೋಡಿದರೆ ಮೊದಲು ದುಬಾರಿಯೆನಿಸಿದ ಬೆಲೆ ಅಗ್ಗವಾಗುತ್ತದೆ. ಹೂವುಗಳು ತಲೆ ತಗ್ಗಿಸಿ ನೆಲ ನೋಡುವುದರಿಂದ ಇಳಿಜಾರಿನಲ್ಲೋ ಎತ್ತರಿಸಿದ ಪಾತಿಯಲ್ಲೋ ನೆಟ್ಟರೆ ಮುಖ ಕಾಣುತ್ತದೆ. ಹೂದಂಟುಗಳು ಮೇಲೇಳುವಾಗ ಕಪ್ಪು ಚುಕ್ಕೆ ಬಿದ್ದ ಹಳೆಯ ಎಲೆಗಳನ್ನು ಕೈಗವಸು ತೊಟ್ಟು ಕತ್ತರಿಸಿ ತೆಗೆಯಬೇಕು. ಗಿಡದ ಎಲ್ಲ ಭಾಗಗಳೂ ವಿಷಕಾರಿ, ರಸ ತಾಗಿದರೆ ಚರ್ಮ ಉರಿಯುತ್ತದೆ.

ಖರ್ಚು ಕಡಿಮೆಯಿರಲಿ ಎನ್ನುವವರಿಗೆ ತೆಳು ಹಳದಿಯ ಕಾಡು ಪ್ರಿಮ್‌ರೋಸ್ ಇದೆ. ಬುಡವನ್ನು ಬಿಡಿಸಿ ನೆಟ್ಟರೂ ಆಗುತ್ತದೆ, ಬೀಜದಿಂದಲೂ ಹರಡುತ್ತದೆ. ಆದರೆ ಒಂದೇ ಗಿಡ ತಂದು ಹರಡಲೆಂದು ಕಾಯುವುದು ವ್ಯರ್ಥ. ಪ್ರಿಮ್‌ರೋಸ್‌ನಲ್ಲಿ ಎರಡು ಬಗೆಯ ಹೂಗಳಿವೆ: ಕೆಲವು ಗಿಡಗಳಲ್ಲಿ ಶಲಾಕೆ, ಅಂದರೆ ಹೂವಿನ ಹೆಣ್ಣುಭಾಗದ ಕಡ್ಡಿ, ಉದ್ದವಾಗಿ ಹೂವಿನ ಬಾಯಲ್ಲಿ ಗುಂಡುಸೂಜಿಯ ತಲೆಯಂತೆ ಕಾಣುತ್ತದೆ, ಉಳಿದವುಗಳಲ್ಲಿ ಶಲಾಕೆ ಗಿಡ್ಡವಾಗಿ ಪರಾಗ ಹೊತ್ತ ಕೇಸರಗಳೇ ಬಾಯಲ್ಲಿರುತ್ತವೆ. ಒಂದು ಬಗೆಯ ಪರಾಗ ಇನ್ನೊಂದು ಬಗೆಗೆ ತಲುಪಿದಾಗಲೇ ಬೀಜ ಚೆನ್ನಾಗಿ ಕಟ್ಟುತ್ತದೆಂದು ಚಾರ್ಲ್ಸ್ ಡಾರ್ವಿನ್ 1862ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ತೋರಿಸಿಕೊಟ್ಟರು. ಕೊಳ್ಳುವಾಗ ಹೂವಿನೊಳಗೆ ಇಣುಕಿ ನೋಡಿ ಎರಡೂ ಬಗೆಯ ಕೆಲವು ಗಿಡಗಳನ್ನು ತಂದರೆ, ಮುಂದಿನ ವರ್ಷಗಳಲ್ಲಿ ಕೊಳ್ಳುವ ಪ್ರಮೇಯವೇ ಬರುವುದಿಲ್ಲ.

ಪಲ್ಮೊನೇರಿಯಾ ನಸುಗೆಂಪಾಗಿ ಅರಳಿ ನೀಲಿಗೆ ತಿರುಗುವ ಹೂವಿನ, ಚುಕ್ಕೆ ಎಲೆಯ ಗಿಡ. ನೆರಳಿನಲ್ಲಿ ನೆಲವನ್ನು ಮುಚ್ಚಲು ಒಳ್ಳೆಯದು, ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಎಲೆಗೆ ಬೂದಿರೋಗ ಬರುತ್ತದೆ.

ಪೊದೆಗಳು: ದೂರಕ್ಕೆ ಕಾಣುವ ಹೂವು, ದೀರ್ಘಕಾಲದ ಒಪ್ಪಂದ

ಸ್ವಂತ ನೆಲವಿದ್ದು, ಹತ್ತು ವರ್ಷವಾದರೂ ಅಲ್ಲೇ ಇರುವವರಿಗೆ ವಿಚ್ ಹೇಜಲ್‌ನಷ್ಟು ತೃಪ್ತಿ ಕೊಡುವ ಗಿಡ ವಸಂತಾರಂಭದ ತೋಟದಲ್ಲಿ ಇನ್ನೊಂದಿಲ್ಲವೆಂಬುದು ನನ್ನ ಅಭಿಪ್ರಾಯ. ಬರಿಗೊಂಬೆಯ ಮೇಲೆ ಹಳದಿ, ಕಿತ್ತಳೆ, ತಾಮ್ರದ ಬಣ್ಣದ ಸಣ್ಣ ಪಟ್ಟಿಗಳಂಥ ದಳಗಳು ಮೂಡುತ್ತವೆ. ಕಡುಚಳಿ ಬಂದಾಗ ಅವು ಸುರುಳಿ ಸುತ್ತಿಕೊಂಡು, ಚಳಿ ಇಳಿದಾಗ ಮತ್ತೆ ಬಿಚ್ಚಿಕೊಳ್ಳುತ್ತವೆ, ಹಾಗಾಗಿ ಒಂದು ರಾತ್ರಿಯ ಹಿಮಕ್ಕೆ ಹೂವು ಹಾಳಾಗುವುದಿಲ್ಲ. ಸುವಾಸನೆ ಗಾಳಿಯಲ್ಲಿ ತೇಲಿ ಬರುತ್ತದೆ. ಆದರೆ ಇದು ನಿಧಾನದ ಗಿಡ. ಕಡ್ಡಿ ನೆಟ್ಟರೆ ಬೇರು ಬರುವುದು ಕಷ್ಟ, ಆದ್ದರಿಂದ ನರ್ಸರಿಗಳು ಇದನ್ನು ಕಸಿ ಮಾಡಿ ಬೆಳೆಸುತ್ತವೆ, ಬೆಲೆ ಏರಿರುವುದೂ ಅದಕ್ಕೇ. ಕಸಿಯ ಗಂಟಿನ ಕೆಳಗಿನಿಂದ ಹೊರಡುವ ಚಿಗುರುಗಳನ್ನು ಆಗಾಗ್ಗೆ ಮುರಿದು ಹಾಕದಿದ್ದರೆ ಬುಡದ ಗಿಡವೇ ಮೇಲುಗೈ ಸಾಧಿಸುತ್ತದೆ. ಸುಣ್ಣದ ಅಂಶ ಹೆಚ್ಚಿರುವ ಮಣ್ಣು ಇದಕ್ಕೆ ಒಗ್ಗದು. ಬೆಳೆದಾಗ ಮೂರು ನಾಲ್ಕು ಮೀಟರ್ ಎತ್ತರ, ಅಷ್ಟೇ ಅಗಲವೂ ಆಗುತ್ತದೆಂಬುದನ್ನು ನೆಡುವ ದಿನವೇ ನೆನಪಿಡಬೇಕು.

ಫೋರ್ಸಿಥಿಯಾ ಇದಕ್ಕೆ ತದ್ವಿರುದ್ಧ. ಅಗ್ಗದ್ದು, ಬೇಗ ಬೆಳೆಯುವಂಥದ್ದು, ಗೆಳೆಯರ ತೋಟದಿಂದ ತಂದ ಕಡ್ಡಿಯಿಂದಲೇ ಬೇರು ಬಿಡುತ್ತದೆ. ಎರಡು ಮೂರು ವಾರ ಪೊದೆಯಿಡೀ ಹಳದಿ ತುಂಬಿ ಬೀದಿಯ ತುದಿಗೂ ಕಾಣುತ್ತದೆ. ಒಳಗೆ ತಂದು ನೀರಿನಲ್ಲಿಟ್ಟ ಕೊಂಬೆಗಳೂ ಒಂದರಿಂದ ಮೂರು ವಾರಗಳಲ್ಲಿ ಅರಳುವುದರಿಂದ ಚಳಿ ಮುಗಿಯುವ ಮುನ್ನವೇ ಮನೆಯೊಳಗೆ ವಸಂತ ಬರುತ್ತದೆ. ಆದರೆ ಅದರ ಹೂವಿನಿಂದ ಜೇನುನೊಣಗಳಿಗೆ ಹೆಚ್ಚೇನೂ ದೊರಕದು, ಹೂವು ಉದುರಿದ ಮೇಲೆ ವರ್ಷದ ಉಳಿದ ಕಾಲವೆಲ್ಲ ಅದು ಸಾಧಾರಣ ಹಸಿರು ಪೊದೆ. ಚಳಿ ಅತಿಯಾದ ಸೀಮೆಗಳಲ್ಲಿ ಕೊಂಬೆ ಬದುಕಿದರೂ ಮೊಗ್ಗು ಸಾಯುತ್ತದೆ. ಹಿಮದಡಿ ಹುದುಗಿ ಬೆಚ್ಚಗಿದ್ದ ಕೆಳಗಿನ ಕೊಂಬೆಗಳಲ್ಲಿ ಮಾತ್ರ ಹೂವು ಬಂದು ಮೇಲ್ಭಾಗ ಬೋಳಾಗಿರುವುದುಂಟು. ಇದನ್ನು ಸವರುವುದಾದರೆ ಹೂ ಮುಗಿದ ಕೂಡಲೇ ಸವರಬೇಕು. ಒಂದು ವರ್ಷ ನಾನು ಶರತ್ಕಾಲದಲ್ಲಿ ಚೊಕ್ಕಟ ಮಾಡಲು ಹೋಗಿ ಮೊಗ್ಗು ಹೊತ್ತ ಕೊಂಬೆಗಳನ್ನೆಲ್ಲ ಕತ್ತರಿಸಿಬಿಟ್ಟೆ, ಮುಂದಿನ ವಸಂತದಲ್ಲಿ ಆ ಪೊದೆಯಲ್ಲಿ ಹತ್ತು ಹೂವೂ ಇರಲಿಲ್ಲ.

ಫೋರ್ಸಿಥಿಯಾ ಕೊಳ್ಳಹೊರಟವರಿಗೆ ಕಾರ್ನಸ್ ಮಾಸ್ ಎಂಬ ಪೊದೆಯನ್ನೂ ಒಮ್ಮೆ ನೋಡಿ ಎನ್ನುತ್ತೇನೆ. ಹೂವು ಸಣ್ಣದು, ಹಳದಿ ಅಷ್ಟು ಢಾಳಾಗಿಲ್ಲ, ಬೆಳವಣಿಗೆಯೂ ನಿಧಾನ. ಆದರೆ ಬೇಗ ಅರಳುತ್ತದೆ, ಜೇನುನೊಣಗಳು ಮುತ್ತಿಕೊಳ್ಳುತ್ತವೆ, ಬೇಸಿಗೆಯ ಕೊನೆಗೆ ತಿನ್ನಬಹುದಾದ ಕೆಂಪು ಹಣ್ಣೂ ಬಿಡುತ್ತದೆ. ಒಂದೇ ಪೊದೆಗೆ ಜಾಗವಿದ್ದು ಅದು ಎರಡು ಋತುಗಳಲ್ಲಿ ಉಪಯೋಗಕ್ಕೆ ಬರಲಿ ಎನ್ನುವವರಿಗೆ ಇದು ಸರಿ. ಪರಾಗವೇ ಮುಖ್ಯವೆಂದರೆ ವಿಲೋ ಜಾತಿಯ ಗಂಡು ಗಿಡಗಳು ಅದಕ್ಕಿಂತಲೂ ಉದಾರಿಗಳು, ತೇವದ ಮಣ್ಣಿಗೆ ಚುಚ್ಚಿದ ಕಡ್ಡಿಯಿಂದಲೇ ಬೆಳೆಯುತ್ತವೆ. ನೀರು ಹುಡುಕುವ ಅವುಗಳ ಬೇರು ಚರಂಡಿಯ ಕೊಳವೆಗಳತ್ತ ಹೋಗುವುದರಿಂದ ಮನೆಯಿಂದ ದೂರವಿರಲಿ.

ಸಿದ್ಧ ಕುಂಡಗಳು: ಇಂದೇ ಬೇಕೆನ್ನುವವರಿಗೆ

ಬಾಡಿಗೆ ಮನೆಯಲ್ಲಿರುವವರು, ಬಾಲ್ಕನಿಯನ್ನಷ್ಟೇ ಹೊಂದಿರುವವರು, ಶರತ್ಕಾಲದಲ್ಲಿ ನೆಡಲು ಮರೆತವರು ಈ ದಾರಿ ಹಿಡಿಯುವುದರಲ್ಲಿ ಸಂಕೋಚಪಡಬೇಕಾಗಿಲ್ಲ. ವಯೋಲಾ ಮತ್ತು ಪ್ಯಾನ್ಸಿಗಳು ಲಘು ಹಿಮವನ್ನು ತಾಳಿಕೊಂಡು, ಬಾಡಿದ ಹೂಗಳನ್ನು ಚಿವುಟುತ್ತಿದ್ದರೆ ಸೆಖೆ ಏರುವವರೆಗೆ ಹೂ ಬಿಡುತ್ತಲೇ ಇರುತ್ತವೆ. ಇವೆರಡರಲ್ಲಿ ನಾನು ವಯೋಲಾವನ್ನೇ ಆರಿಸುತ್ತೇನೆ: ಹೂವು ಸಣ್ಣದಾದರೂ ಸಂಖ್ಯೆ ಹೆಚ್ಚು, ಮಳೆ ಬಿದ್ದಾಗ ಪ್ಯಾನ್ಸಿಯ ದೊಡ್ಡ ದಳಗಳಂತೆ ಜೋತು ಬೀಳುವುದಿಲ್ಲ. ಮಗುವೋ ನಾಯಿಯೋ ಇರುವ ಮನೆಗೆ ಈ ಲೇಖನದಲ್ಲಿ ಬಂದ ಹೂಗಳಲ್ಲೆಲ್ಲ ಹೆಚ್ಚು ನಿಶ್ಚಿಂತೆಯ ಆಯ್ಕೆ ಇದೇ.

ಬೆಚ್ಚಗಿನ ಗಾಜಿನಮನೆಯಿಂದ ನೇರವಾಗಿ ಬಂದ ಗಿಡವನ್ನು ಅಂದೇ ರಾತ್ರಿ ಹಿಮಕ್ಕೆ ಒಡ್ಡಬಾರದು. ಒಂದು ವಾರ ಹಗಲು ಹೊರಗೆ, ರಾತ್ರಿ ಒಳಗೆ ಇಟ್ಟು ಒಗ್ಗಿಸಬೇಕು. ಹೂಬಿಟ್ಟ ಗೆಡ್ಡೆಗಳ ಕುಂಡ ಕೊಂಡವರು ಹೂವು ಮುಗಿದ ಮೇಲೆ ಡ್ಯಾಫೋಡಿಲ್ ಮತ್ತು ಹಯಸಿಂತ್‌ಗಳನ್ನು ಎಸೆಯದೆ ನೆಲಕ್ಕೆ ಸೇರಿಸಲಿ. ಒಂದೆರಡು ವರ್ಷ ಸುಧಾರಿಸಿಕೊಂಡು ಅವು ಮತ್ತೆ ಹೂ ಬಿಡುತ್ತವೆ, ಟ್ಯುಲಿಪ್‌ನಿಂದ ಆ ನಿರೀಕ್ಷೆ ಬೇಡ.

ಕುಂಡವೂ ಬೇಕು, ಖರ್ಚೂ ಕಡಿಮೆಯಿರಬೇಕು ಎಂದರೆ ಶರತ್ಕಾಲದಲ್ಲಿ ನೀವೇ ಪದರ ಪದರವಾಗಿ ನೆಡಬಹುದು. ಕನಿಷ್ಠ 30 ಸೆಂಟಿಮೀಟರ್ ಆಳದ ಕುಂಡದಲ್ಲಿ ಕೆಳಗೆ ಟ್ಯುಲಿಪ್, ನಡುವೆ ಗಿಡ್ಡ ಡ್ಯಾಫೋಡಿಲ್, ಮೇಲೆ ಕ್ರೋಕಸ್ ಇಟ್ಟರೆ ಒಂದಾದ ಮೇಲೊಂದು ಅರಳಿ ಒಂದೇ ಕುಂಡ ವಾರಗಟ್ಟಲೆ ತುಂಬಿರುತ್ತದೆ. ಕುಂಡದ ಮಣ್ಣು ಎಲ್ಲ ಕಡೆಯಿಂದಲೂ ಹೆಪ್ಪುಗಟ್ಟುತ್ತದೆ, ನೆಲದಲ್ಲಿ ಬದುಕುವ ಬೇರು ಅಲ್ಲಿ ಸಾಯಬಹುದು. ಕಡುಚಳಿಯ ವಾರಗಳಲ್ಲಿ ಕುಂಡವನ್ನು ಗೋಡೆಗೆ ಒತ್ತಿಟ್ಟು ಸುತ್ತ ಗೋಣಿ ಹೊದಿಸಬೇಕು. ಸುಟ್ಟ ಮಣ್ಣಿನ ಕುಂಡಗಳು ಹಿಮಕ್ಕೆ ಬಿರಿಯುವುದೂ ಉಂಟು.

ನಿಮ್ಮ ಪರಿಸ್ಥಿತಿಗೆ ಯಾವುದು

ಒಂದೆರಡು ವರ್ಷದಲ್ಲಿ ಮನೆ ಬದಲಿಸುವವರಿಗೆ ಪದರದ ಕುಂಡವೇ ಸರಿ, ಹೋಗುವಾಗ ಜೊತೆಗೆ ಒಯ್ಯಬಹುದು. ಹಣ ಬಹಳ ಕಡಿಮೆ, ನೆಲ ಸಾಕಷ್ಟು ಎನ್ನುವವರು ತೊಮಾಸಿನಿಯಾನಸ್ ಕ್ರೋಕಸ್ ಮತ್ತು ಗಿಡ್ಡ ಡ್ಯಾಫೋಡಿಲ್‌ಗಳಿಂದ ಆರಂಭಿಸಲಿ, ಕಡ್ಡಿ ಸಿಕ್ಕರೆ ಒಂದು ಫೋರ್ಸಿಥಿಯಾವನ್ನೂ ಸೇರಿಸಲಿ. ಮರದ ನೆರಳಿದ್ದು ಕಾಯುವ ತಾಳ್ಮೆ ಇದ್ದವರಿಗೆ ಒಂದು ಹೆಲೆಬೋರ್, ಅದರ ಸುತ್ತ ಹಸಿಯಾಗಿ ತಂದ ಸ್ನೋಡ್ರಾಪ್ ಬುಡಗಳು. ಈ ಜೋಡಿಯನ್ನು ನೆಟ್ಟು ಪಶ್ಚಾತ್ತಾಪ ಪಟ್ಟವರನ್ನು ನಾನು ಕಂಡಿಲ್ಲ. ಅಳಿಲು ಜಿಂಕೆಗಳ ಕಾಟವಿದ್ದರೆ ಡ್ಯಾಫೋಡಿಲ್, ಸ್ನೋಡ್ರಾಪ್, ಹೆಲೆಬೋರ್ ಈ ಮೂರೂ ವಿಷದ ಬಲದಿಂದ ಉಳಿಯುತ್ತವೆ. ಅದೇ ಕಾರಣಕ್ಕೆ ಪುಟ್ಟ ಮಕ್ಕಳ ಮನೆಯಲ್ಲಿ ಅವು ಕೈಗೆಟುಕದ ಜಾಗದಲ್ಲಿರಬೇಕು, ಇಲ್ಲವೇ ಕೆಲವು ವರ್ಷ ಕಾಯಬೇಕು. ಜೇನುನೊಣಗಳಿಗಾಗಿ ನೆಡುವವರು ಯಾವುದನ್ನು ಆರಿಸಿದರೂ ಒಂಟಿ ಸುತ್ತಿನ ದಳಗಳ ತಳಿಯನ್ನೇ ಆರಿಸಬೇಕು. ಸುತ್ತುಸುತ್ತಾಗಿ ದಳ ತುಂಬಿದ ಹೂಗಳಲ್ಲಿ ಪರಾಗ ಮಕರಂದಗಳು ಹೆಚ್ಚಾಗಿ ಇರುವುದಿಲ್ಲ, ಇದ್ದರೂ ನೊಣಕ್ಕೆ ಎಟುಕುವುದಿಲ್ಲ.

ಮಣ್ಣು ಚೌಗಾಗಿದ್ದು ಅದನ್ನು ಸರಿಪಡಿಸಲು ಆಗದವರು ಗೆಡ್ಡೆಗಳ ಮೇಲೆ ಹಣ ಹಾಕದೆ ವಿಲೋ ನೆಟ್ಟು, ಬಾಗಿಲ ಬಳಿ ಕುಂಡಗಳನ್ನಿಡುವುದು ಮೇಲು.

ಗೆಡ್ಡೆಗಳನ್ನು ಕೊಳ್ಳುವ ಕಾಲಕ್ಕೆ, ಅಂದರೆ ಶರತ್ಕಾಲದಲ್ಲಿ, ತೋಟ ಬೇರೆ ಗಿಡಗಳಿಂದ ತುಂಬಿರುತ್ತದೆ. ವಸಂತದಲ್ಲಿ ಯಾವ ಮೂಲೆ ಖಾಲಿಯಿತ್ತು, ಎಲ್ಲಿ ಬೆಳಗಿನ ಬಿಸಿಲು ಬೀಳುತ್ತಿತ್ತು, ಎಲ್ಲಿ ನೀರು ನಿಲ್ಲುತ್ತಿತ್ತು ಎಂಬುದು ಆಗ ನೆನಪಿರುವುದಿಲ್ಲ. ಆದ್ದರಿಂದ ಈ ವಾರವೇ ನೀವು ಹೆಚ್ಚು ಹೊತ್ತು ಕೂರುವ ಕಿಟಕಿಯ ಬಳಿ ನಿಂತು ತೋಟದ ಒಂದು ಚಿತ್ರ ತೆಗೆದುಕೊಳ್ಳಿ, ಹೂವು ಬೇಕೆನಿಸಿದ ಜಾಗಗಳಲ್ಲಿ ಒಂದೊಂದು ಕಡ್ಡಿ ನೆಟ್ಟು ಗುರುತು ಮಾಡಿಡಿ, ಶರತ್ಕಾಲದವರೆಗೆ ಆ ಕಡ್ಡಿಗಳನ್ನು ಕೀಳಬೇಡಿ.